ಅತ್ತಿಗೆಯ ಕಸ್ಟಮ್ಸ್ ಕಾಂಡ

ಸೇತುವೆ ನಿಲ್ಲುತ್ತದೋ ಬೀಳುತ್ತದೋ ಎಂದು ಸಹಿ ಹಾಕಿ ಹೇಳುವ ಧೈರ್ಯ ನಮ್ಮ ಅತ್ತಿಗೆಗಿದೆ. ಆದರೆ ಅಂಗೈಯಗಲದ ಒಂದು ಕಸ್ಟಮ್ಸ್ ಫಾರಂ ಕಂಡರೆ ಪೆನ್ನಿನ ಮುಚ್ಚಳ ತೆಗೆಯಲು ಅವರಿಗೆ ಅರ್ಧ ಗಂಟೆ ಬೇಕು! ಉತ್ಪ್ರೇಕ್ಷೆ ಎನ್ನುತ್ತೀರಾ? ಬರ್ಮಿಂಗ್‌ಹ್ಯಾಮ್ ನಗರದ ಸೆಲ್ಲಿ ಓಕ್‌ನ ನಮ್ಮ ಪೋಸ್ಟ್ ಆಫೀಸ್ ಅಂಕಲ್ ಅವರನ್ನೇ ಕೇಳಿ. ಅತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡರೆ ಅವರು ಮೊದಲು ಒಂದು ಲೋಟ ನೀರು ಕುಡಿದು, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ "ನೆಕ್ಸ್ಟ್" ಅನ್ನುತ್ತಾರೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನಾವು ಮೈಸೂರಿನವರು, ಅವರು ಉಡುಪಿ ಕಡೆಯವರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿವಿಲ್ ಇಂಜಿನಿಯರ್. ಹಳದಿ ಜಾಕೆಟ್ ತೊಟ್ಟು, ಕಾಲುವೆಗಳ ಮೇಲಿನ ಮುದಿ ಸೇತುವೆಗಳ ಕೆಳಗೆ ನಿಂತು, ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು, ಯಾವ ಇಟ್ಟಿಗೆ ಸುಳ್ಳು ಹೇಳುತ್ತಿದೆ ಎಂದು ಹಿಡಿದುಬಿಡುತ್ತಾರೆ. ನಾನಿರುವುದು ಅದೇ ಬೀದಿಯ ಇನ್ನೊಂದು ತುದಿಯಲ್ಲಿ. ಹಾಗಾಗಿ ಅತ್ತಿಗೆಯ ಎಲ್ಲ ಸಂಕಟಗಳಿಗೂ ನಾನೇ ಪ್ರತ್ಯಕ್ಷ ಸಾಕ್ಷಿ.

ಅವರ ಕಾಯಿಲೆಯ ಹೆಸರು ಸತ್ಯ. ಗಾಂಧೀಜಿಯವರಿಗೂ ಇತ್ತು, ನಿಜ. ಆದರೆ ಗಾಂಧೀಜಿ ಯಾವತ್ತಾದರೂ ಇಂಗ್ಲೆಂಡಿನಿಂದ ಐರ್ಲೆಂಡಿಗೆ ಸಾರಿನ ಪುಡಿ ಕಳಿಸಿದ್ದರೇ?

ಐರ್ಲೆಂಡ್ ಯಾಕೆ ಬಂತು ಅಂದರೆ, ಅತ್ತಿಗೆಯ ಒಬ್ಬಳೇ ತಂಗಿ ಅಲ್ಲಿ ನರ್ಸ್. ಊರಿನ ಹೆಸರು ಕಾರ್ಕ್. ಬಾಟಲಿಯ ಬಿರಡೆಯ ಹೆಸರಿನ ಊರು! ಬರ್ಮಿಂಗ್‌ಹ್ಯಾಮ್‌ನಿಂದ ವಿಮಾನದಲ್ಲಿ ಕೂತು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಂದುಬಿಡುತ್ತದೆ. ಬ್ರೆಕ್ಸಿಟ್‌ಗೆ ಮೊದಲು ಅಕ್ಕತಂಗಿಯರ ನಡುವೆ ಪೊಟ್ಟಣಗಳು ಪಕ್ಕದ ಮನೆಗೆ ಹೋಗುವ ಬಟ್ಟಲಿನಂತೆ ಓಡಾಡುತ್ತಿದ್ದವು. ಇತ್ತಿಂದ ಹಪ್ಪಳ ಹೋದರೆ ಅತ್ತಿಂದ ಉಣ್ಣೆಯ ಕಾಲುಚೀಲ. ವಿಳಾಸ ಬರೆದು, ಅಂಚೆಚೀಟಿ ಅಂಟಿಸಿದರೆ ಮುಗಿಯಿತು.

ಬ್ರೆಕ್ಸಿಟ್ ಆಯಿತು ನೋಡಿ, ಇಂಗ್ಲೆಂಡ್ ಯುರೋಪಿನ ಒಕ್ಕೂಟದಿಂದ ಹೊರಬಂತು, ಐರ್ಲೆಂಡ್ ಒಳಗೇ ಉಳಿಯಿತು, ನಡುವೆ ಫಾರಂ ಬಂತು. ಒಳಗೇನಿದೆ? ಎಷ್ಟು ತೂಕ? ಎಷ್ಟು ಬೆಲೆ? ಲೋಕದ ಜನ ಇದಕ್ಕೆ "ತಿಂಡಿ, ಅರ್ಧ ಕಿಲೋ, ಉಡುಗೊರೆ" ಎಂದು ಗೀಚಿ ಮನೆಗೆ ಹೋಗುತ್ತಾರೆ. ಅತ್ತಿಗೆಗೆ ಅದು ಕೋರ್ಟಿನಲ್ಲಿ ಮಾಡುವ ಪ್ರಮಾಣ! ಮೊದಲ ಸಲ ಸಾರಿನ ಪುಡಿ ಕಳಿಸುವಾಗ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತಿದ್ದರು.

"ಕೊತ್ತಂಬರಿ ಇಲ್ಲಿಯ ಅಂಗಡಿದು, ಅದರ ಬೆಲೆ ಗೊತ್ತುಂಟು. ಮೆಣಸು ಊರಿಂದ ತಂದದ್ದು. ಅದಕ್ಕೆ ಎಂತ ಬರೀಲಿ?"

"ಏನೋ ಒಂದು ಬರೀರಿ ಅತ್ತಿಗೆ."

"ಏನೋ ಒಂದು ಬರೀಲಿಕ್ಕೆ ಇದು ಗೋಡೆಯಾ ಮಾರಾಯ್ತಿ? ಮತ್ತೆ, ನಾನು ಹುರಿದದ್ದಕ್ಕೆ ಕೂಲಿ ಸೇರಿಸ್ಬೇಕಾ ಬೇಡ್ವಾ?"

ಕೊನೆಗೆ ಫಾರಂನಲ್ಲಿ ಬರೆದದ್ದು ಹೀಗೆ: "ಮನೆಯಲ್ಲಿ ಹುರಿದ ಮಸಾಲೆ ಪುಡಿ. ಬಣ್ಣ ಕಂದು. ಸ್ಫೋಟಕವಲ್ಲ."

ಸ್ಫೋಟಕವಲ್ಲ! ಯಾರಾದರೂ ಕೇಳಿದ್ದರೇ? ನೀವು ರೈಲಿನಲ್ಲಿ ಕೂತಿರುತ್ತೀರಿ, ಪಕ್ಕದವನು ಬಂದು "ನಾನು ಕಳ್ಳನಲ್ಲ" ಅನ್ನುತ್ತಾನೆ. ನೀವು ಏನು ಮಾಡುತ್ತೀರಿ? ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೀರಿ. ಕಸ್ಟಮ್ಸ್‌ನವರೂ ಅದನ್ನೇ ಮಾಡಿದರು. ಮೂರು ವಾರ ಇಟ್ಟುಕೊಂಡು, ಬಿಚ್ಚಿ, ಮತ್ತೆ ಅಂಟಿಸಿ ಕಳಿಸಿದರು. ತಂಗಿ ಫೋನ್ ಮಾಡಿ ಅಕ್ಕನಿಗೆ ಬೈದಳು. ಅತ್ತಿಗೆಯ ಉತ್ತರ ಒಂದೇ: "ಸತ್ಯ ಅಲ್ವಾ ಬರೆದದ್ದು?"

ಹೋಗುವುದರ ಕತೆ ಇದಾದರೆ ಬರುವುದರ ಕತೆ ಬೇರೆ. ಆ ವರ್ಷ ತಂಗಿ ಒಂದು ಸ್ವೆಟರ್ ಕಳಿಸಿದಳು. ಉಡುಗೊರೆ ಎಂದು ಬರೆಯಲು ಮರೆತಿದ್ದಳು. ಸ್ವೆಟರಿನ ಬದಲು ಬಾಗಿಲ ಸಂದಿಯಿಂದ ಒಂದು ಕಾರ್ಡ್ ಬಿತ್ತು: ತೆರಿಗೆ ಕಟ್ಟಿ, ಜೊತೆಗೆ ಹ್ಯಾಂಡ್ಲಿಂಗ್ ಫೀ ಕಟ್ಟಿ, ಆಮೇಲೆ ಪಾರ್ಸೆಲ್ ಕೊಡುತ್ತೇವೆ. ತೆರಿಗೆಗೆ ಅತ್ತಿಗೆ ತಕರಾರು ಮಾಡುವವರಲ್ಲ. ಅವರಿಗೆ ಅರ್ಥವಾಗದೇ ಉಳಿದದ್ದು ಹ್ಯಾಂಡ್ಲಿಂಗ್ ಫೀ.

"ಅಂದ್ರೆ ಎಂತ? ಕೈಯಲ್ಲಿ ಹಿಡಿದದ್ದಕ್ಕಾ ದುಡ್ಡು? ಹಾಗಾದ್ರೆ ಹನ್ನೆರಡು ವರ್ಷದಿಂದ ನಾನು ನಿಮ್ಮಣ್ಣನನ್ನು ಹ್ಯಾಂಡ್ಲ್ ಮಾಡ್ತಾ ಇದ್ದೇನೆ. ನನಗೆ ಯಾರು ಕೊಡ್ತಾರೆ?"

ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಜಾಣ.

ನಗುವುದು ಸುಲಭ. ಆದರೆ ಆ ದಿನದಿಂದ ಅತ್ತಿಗೆಗೆ ಹಿಡಿದ ಆತಂಕ ಸುಳ್ಳಲ್ಲ. ಅಂಚೆಯವನ ಹೆಜ್ಜೆ ಸಪ್ಪಳ ಕೇಳಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಎಲ್ಲಿ ಏನು ತಪ್ಪು ಬರೆದೆನೋ, ಎಲ್ಲಿ ಯಾರು ಬಾಗಿಲು ತಟ್ಟುತ್ತಾರೋ! ಒಮ್ಮೆ ಫೋನಿಗೆ ಒಂದು ಮೆಸೇಜ್ ಬಂತು: "ನಿಮ್ಮ ಪಾರ್ಸೆಲ್‌ನ ಕಸ್ಟಮ್ಸ್ ಶುಲ್ಕ ಬಾಕಿ ಇದೆ, ಕೂಡಲೇ ಈ ಲಿಂಕ್ ಒತ್ತಿ." ಕಳ್ಳರ ಮೆಸೇಜ್ ಎಂದು ಊರಿಗೆಲ್ಲ ಗೊತ್ತು. ಅತ್ತಿಗೆ ಲಿಂಕ್ ಒತ್ತಲಿಲ್ಲ. ಬದಲಿಗೆ ಅದೇ ನಂಬರಿಗೆ ಪತ್ರದುದ್ದದ ಉತ್ತರ ಬರೆದರು! ಯಾವ ಪಾರ್ಸೆಲ್, ಕಳಿಸಿದವರು ಯಾರು, ಘೋಷಿಸಿದ ತೂಕವೆಷ್ಟು, ಯಾವ ನಿಯಮದ ಪ್ರಕಾರ ಶುಲ್ಕ, ದಯವಿಟ್ಟು ವಿವರ ಕಳಿಸಿ. ಉತ್ತರ ಬರದಿದ್ದಾಗ ಎರಡು ಸಲ ನೆನಪಿಸಿದರು. ಮೂರನೆಯ ಸಲಕ್ಕೆ ಕಳ್ಳನೇ ಅವರ ನಂಬರನ್ನು ಬ್ಲಾಕ್ ಮಾಡಿದ.

ಇಷ್ಟರವರೆಗೆ ನಾನು ಈ ಕತೆಗಳನ್ನು ಹೇಳಿ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಮುಂದಿನದನ್ನು ಅಲ್ಲಿ ಹೇಳಿಲ್ಲ.

ತಂಗಿ ಬಸುರಿಯಾದಳು. ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಹಾಗಾಗಿ ಯಾರೂ ಜೋರಾಗಿ ಖುಷಿಪಡಲಿಲ್ಲ. ಅತ್ತಿಗೆ ಒಂದೊಂದೇ ವಾರ ಎಣಿಸುತ್ತಿದ್ದರು. ಏಳನೆಯ ತಿಂಗಳು ಹತ್ತಿರ ಬಂದಾಗ ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ ಎರಡು ಸೀರೆ ತೆಗೆದರು. ಅವರ ಅಮ್ಮ ಮನೆಯಲ್ಲಿ ಉಡುತ್ತಿದ್ದ ಕೈಮಗ್ಗದ ಹತ್ತಿ ಸೀರೆಗಳು. ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಯಾರು ಸುತ್ತುತ್ತಾರೆ? ಉಟ್ಟು ಉಟ್ಟು ಬೆಣ್ಣೆಯಂತಾದ ಹಳೆ ಸೀರೆಯೇ ಆಗಬೇಕು. ಎರಡನ್ನೂ ಬಿಸಿನೀರಿನಲ್ಲಿ ಮೂರು ಸಲ ಒಗೆದು, ರೇಡಿಯೇಟರಿನ ಮೇಲೆ ಒಣಗಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಚೌಕ ಚೌಕವಾಗಿ ಕತ್ತರಿಸಿ ಪೊಟ್ಟಣ ಕಟ್ಟಿದರು.

ಪೋಸ್ಟ್ ಆಫೀಸಿಗೆ ನಾನೂ ಹೋಗಿದ್ದೆ. ಒಳಗಿರುವುದು: ಬಳಸಿದ ಹತ್ತಿ ಬಟ್ಟೆ. ತೂಕ: ಗ್ರಾಂ ಸಮೇತ. ಬೆಲೆ?

ಅತ್ತಿಗೆ ಪೊಟ್ಟಣವನ್ನು ಕೌಂಟರಿನಿಂದ ತಮ್ಮ ಕಡೆಗೆ ಎಳೆದುಕೊಂಡರು.

"ಮೇಡಂ, ಒಂದು ಪೌಂಡ್ ಅಂತ ಹಾಕ್ತೀನಿ," ಅಂದರು ಅಂಕಲ್.

"ಒಂದು ಪೌಂಡಾ? ಅದು ನಮ್ಮ ಅಮ್ಮನ ಸೀರೆ."

"ಹಾಗಾದ್ರೆ ನೂರು ಹಾಕ್ಲಾ?"

"ನೂರು ಹಾಕಿದ್ರೆ ತಂಗಿಗೆ ಕಾರ್ಡ್ ಬರ್ತದೆ. ಮತ್ತೆ ಅದೂ ಸತ್ಯ ಅಲ್ಲ."

"ಮೇಡಂ, ಕಂಪ್ಯೂಟರಿಗೆ ಒಂದು ನಂಬರ್ ಬೇಕು. ಸತ್ಯ ಬೇಡ."

ಹಿಂದೆ ಕ್ಯೂ ಬಾಗಿಲಾಚೆಗೆ ಹೋಗಿತ್ತು. ಯಾರೋ ಕೆಮ್ಮಿದರು. ಅಂಕಲ್ ತಾವೇ ಒಂದು ಪೌಂಡ್ ಎಂದು ಒತ್ತಿ, ಚೀಟಿ ಅಂಟಿಸಿದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅತ್ತಿಗೆ ಪರ್ಸಿನಿಂದ ಪೆನ್ನು ತೆಗೆದು ಚೀಟಿಯ ಪಕ್ಕದಲ್ಲಿ ದುಂಡಗೆ ಬರೆದೇಬಿಟ್ಟರು: "ಇದರ ಬೆಲೆ ಕಳಿಸುವವರಿಗೆ ಗೊತ್ತಿಲ್ಲ."

ಇನ್ನೇನಾಗುತ್ತದೆ? ಚೀಟಿ ಒಂದು ಹೇಳುತ್ತದೆ, ಪೆನ್ನು ಇನ್ನೊಂದು ಹೇಳುತ್ತದೆ. ಪಾರ್ಸೆಲ್ ಐರ್ಲೆಂಡ್ ಮುಟ್ಟಿ ಕಸ್ಟಮ್ಸ್‌ನಲ್ಲಿ ಕೂತಿತು. ಅತ್ತಿಗೆ ಫೋನಿನಲ್ಲಿ ದಿನಕ್ಕೆ ನಲವತ್ತು ಸಲ ಟ್ರ್ಯಾಕಿಂಗ್ ನೋಡುತ್ತಿದ್ದರು. ಕೆಲಸದಲ್ಲಿ, ಬಸ್ಸಿನಲ್ಲಿ, ಅನ್ನಕ್ಕೆ ನೀರಿಡುವಾಗ. "ತಡೆಹಿಡಿಯಲಾಗಿದೆ" ಎಂಬ ಒಂದೇ ಸಾಲು. ನಾನು "ಇನ್ನೂ ಎರಡು ತಿಂಗಳಿದೆ ಅತ್ತಿಗೆ, ಅಷ್ಟರಲ್ಲಿ ಬಿಡ್ತಾರೆ" ಎಂದು ದಿನಾ ಸಮಾಧಾನ ಹೇಳುತ್ತಿದ್ದೆ.

ಎರಡು ತಿಂಗಳು ಇರಲಿಲ್ಲ. ಒಂದು ಬೆಳಗ್ಗೆ ಅತ್ತಿಗೆ ಹಳದಿ ಜಾಕೆಟ್ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಾಗ ತಂಗಿಯ ಗಂಡನ ಫೋನ್ ಬಂತು. ಮಗು ಅವಸರ ಮಾಡಿ ಬಂದುಬಿಟ್ಟಿದೆ. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಈಗಲೇ ಏನೂ ಹೇಳುವಂತಿಲ್ಲ. ಅತ್ತಿಗೆ ಜಾಕೆಟ್ ಬಿಚ್ಚದೆ ಮೆಟ್ಟಿಲ ಮೇಲೆ ಕೂತರು.

"ನನ್ನಿಂದ," ಅಂದರು. "ಒಂದು ಪೌಂಡ್ ಅಂತ ಸುಮ್ಮನಿದ್ದಿದ್ರೆ ಬಟ್ಟೆಯಾದ್ರೂ ಅವಳ ಹತ್ರ ಇರ್ತಿತ್ತು. ಎಂತ ಮನುಷ್ಯಳು ನಾನು?"

ಅಣ್ಣನಿಗೆ ಮಕ್ಕಳನ್ನು ಬಿಟ್ಟು ಬರಲಾಗದು. ಜೊತೆಗೆ ನಾನು ಹೊರಟೆ. ನಮ್ಮಿಬ್ಬರಿಗೂ ಇಲ್ಲಿಯ ಪೌರತ್ವವಿತ್ತು, ವೀಸಾ ಬೇಕಿರಲಿಲ್ಲ. ನೋಡಿ ವಿಚಿತ್ರ, ಮನುಷ್ಯರು ಹೋಗಬಹುದಂತೆ, ಹಳೆ ಬಟ್ಟೆ ಹೋಗಬಾರದಂತೆ! ಮಧ್ಯಾಹ್ನದ ವಿಮಾನಕ್ಕೆ ಅತ್ತಿಗೆಯನ್ನು ಕರೆಯಲು ಹೋದರೆ, ಅಮ್ಮನ ಇನ್ನೊಂದು ಸೀರೆ ಉಟ್ಟು, ಮೇಲೆ ಚಳಿಯ ಕೋಟು ಹಾಕಿ ನಿಂತಿದ್ದರು. ದೀಪಾವಳಿಗೂ ಸೀರೆ ಉಡದ ಹೆಂಗಸು!

ಕಾರ್ಕ್‌ನಲ್ಲಿ ಇಳಿದಾಗ ಎರಡು ದಾರಿ. ಹಸಿರು ಬೋರ್ಡಿನ ಕೆಳಗೆ ಎಲ್ಲರೂ ಹೋಗುತ್ತಾರೆ. ಕೆಂಪು ಬೋರ್ಡಿನ ಕೆಳಗೆ, ಘೋಷಿಸುವುದು ಏನಾದರೂ ಇರುವವರು. ಅತ್ತಿಗೆ ಯಾವ ಕಡೆ ತಿರುಗಿದರು ಎಂದು ನಾನು ಹೇಳಬೇಕೇ?

"ಅತ್ತಿಗೆ, ದಮ್ಮಯ್ಯ, ಇವತ್ತೊಂದು ದಿನ ಬೇಡ!"

ಕೇಳಲಿಲ್ಲ. ಕೆಂಪು ಬೋರ್ಡಿನ ಕೆಳಗೆ ಯಾರೂ ಇರಲಿಲ್ಲ. ಗಂಟೆ ಒತ್ತಿದೆವು. ಬಹಳ ಹೊತ್ತಿನ ಮೇಲೆ ಚಹಾದ ಮಗ್ ಹಿಡಿದುಕೊಂಡು ವಯಸ್ಸಾದ ಅಧಿಕಾರಿಯೊಬ್ಬ ಬಂದ.

"ಏನು ತಂದಿದ್ದೀರಿ?"

"ಉಟ್ಟುಕೊಂಡಿದ್ದೇನೆ," ಅಂದರು ಅತ್ತಿಗೆ.

"ಉಟ್ಟ ಬಟ್ಟೆಗೆ ಸುಂಕವಿಲ್ಲ, ಮೇಡಂ."

"ಈಗ ಉಟ್ಟದ್ದು. ಆದರೆ ಆಸ್ಪತ್ರೆಗೆ ಹೋಗಿ ಇದನ್ನು ಹರಿದು ತಂಗಿಯ ಮಗುವಿಗೆ ಕೊಡ್ತೇನೆ. ಆಗ ಅದು ಉಟ್ಟ ಬಟ್ಟೆ ಆಗುದಿಲ್ಲ ಅಲ್ವಾ?"

ಇಂಗ್ಲಿಷಿನಲ್ಲಿ ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಅತ್ತಿಗೆ ಅಳತೊಡಗಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆತ ಮಗ್ ಕೆಳಗಿಟ್ಟ. ಮಗು ಹುಟ್ಟಿ ಎಷ್ಟು ದಿನವಾಯಿತು ಎಂದು ಕೇಳಿದ. ಇವತ್ತೇ, ತಿಂಗಳು ತುಂಬುವ ಮೊದಲೇ, ಎಂದೆ ನಾನು. ಆತ ಏನೂ ಬರೆದುಕೊಳ್ಳಲಿಲ್ಲ. ಹೊರಗೆ ಬಂದು ಟ್ಯಾಕ್ಸಿಯವನಿಗೆ ಆಸ್ಪತ್ರೆಯ ಯಾವ ಬಾಗಿಲಿಗೆ ಬಿಡಬೇಕೆಂದು ತಾನೇ ಹೇಳಿ ಕಳಿಸಿದ.

ಆ ಪಾರ್ಸೆಲ್ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. "ವಿವರ ಸಾಲದು" ಎಂಬ ಚೀಟಿ ಹೊತ್ತು ಎರಡು ತಿಂಗಳ ಮೇಲೆ ಸೆಲ್ಲಿ ಓಕ್‌ಗೆ ವಾಪಸ್ ಬಂತು. ಅಷ್ಟು ಹೊತ್ತಿಗೆ ಮಗುವೂ ಆಸ್ಪತ್ರೆಯಿಂದ ಮನೆಗೆ ಬಂದಿತ್ತು. ಈಗ ಅವಳು ವಿಡಿಯೋದಲ್ಲಿ ಅತ್ತಿಗೆಯನ್ನು ಐರಿಷ್ ಇಂಗ್ಲಿಷಿನಲ್ಲಿ ಗದರಿಸುತ್ತಾಳೆ.

ಆದರೆ ಆ ಸಂಜೆ ಅದೆಲ್ಲ ಯಾರಿಗೆ ಗೊತ್ತಿತ್ತು? ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಒಬ್ಬಳಿಂದ ಕತ್ತರಿ ಪಡೆದು ಅತ್ತಿಗೆ ಸೆರಗನ್ನು ಕತ್ತರಿಸಿದರು. ಕರವಸ್ತ್ರದಷ್ಟು ಒಂದು ತುಂಡನ್ನು ತಾಯಿ ತನ್ನ ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಲಿ, ಆಮೇಲೆ ಮಗುವಿನ ಪಕ್ಕ ಇಡೋಣ, ತಾಯಿಯ ವಾಸನೆ ಮಗುವಿಗೆ ಗೊತ್ತಾಗುತ್ತದೆ ಎಂದಳು ಆ ನರ್ಸ್. ತಂಗಿ ಮಂಚದ ಮೇಲೆ ಒರಗಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಬಟ್ಟೆಯನ್ನು ಎದೆಗೆ ಇಟ್ಟುಕೊಳ್ಳುವ ಮೊದಲು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು.

"ಅಕ್ಕ, ಅಮ್ಮನ ವಾಸನೆ ಬರ್ತದೆ."

ನಾನು ಅತ್ತಿಗೆಯ ಮುಖ ನೋಡಿದೆ. ಮೂರು ಸಲ ಬಿಸಿನೀರಿನಲ್ಲಿ ಒಗೆದ ಸೀರೆ. ವಿಮಾನದಲ್ಲಿ ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೆ ಬಂದದ್ದು ಸೋಪಿನ ಪುಡಿಯ ವಾಸನೆ ಮಾತ್ರ.

ಅತ್ತಿಗೆ ಮಂಚದ ಅಂಚಿನಲ್ಲಿ ಕೂತು, ತಂಗಿಯ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದರು.

"ಹೌದು," ಅಂದರು. "ಬರ್ತದೆ."