ಎಲೆನಮ್ಮನ ‘ಮುಕ್ಕು’

ಇಂಗ್ಲಿಷ್ ಬರುತ್ತದೆ ಎಂದು ಯಾರ ಮುಂದೆಯೂ ತೋರಿಸಿಕೊಳ್ಳಬಾರದು. ತೋರಿಸಿಕೊಂಡವರ ಕೊರಳಿಗೆ ಏನಾದರೊಂದು ಡ್ಯೂಟಿ ಗಂಟುಬೀಳುತ್ತದೆ. ಮಾತು ಕೇಳಿಸದಿದ್ದರೆ ಹೇಳಬೇಕೆಂದು ಕಾನ್ವೆಂಟಿನ ನನ್‌ಗಳು ಕಲಿಸಿದ ‘ಬೆಗ್ ಯುವರ್ ಪಾರ್ಡನ್’ ಅನ್ನು ನಾನು ಕೋಲಾರದ ಚಿನ್ನದ ಗಣಿಯೂರು ಊರಿಗಾಂನ ಹೆರಿಗೆ ವಾರ್ಡಿಗೂ ಹೊತ್ತು ತಂದಿದ್ದೆ. ಹಾಗಾಗಿ ಎಂಬತ್ತರ ದಶಕದಲ್ಲೊಮ್ಮೆ, ಮಿಡ್‌ವೈಫರಿ ಓದುತ್ತಿದ್ದ ವೇಲ್ಸ್ ದೇಶದ ಹುಡುಗಿಯೊಬ್ಬಳು ಹೆರಿಗೆ ಕೆಲಸ ಕಲಿಯಲೆಂದು ನಮ್ಮಲ್ಲಿಗೆ ಬಂದಾಗ, ಮೇಟ್ರನ್ ಅತ್ತಿತ್ತ ನೋಡದೆ “ಸಿಸ್ಟರ್, ಯು ಆರ್ ಹರ್ ಇಂಟರ್‌ಪ್ರಿಟರ್” ಎಂದುಬಿಟ್ಟರು. ಹುಡುಗಿಯ ಹೆಸರು ಹೆಲೆನ್. ನಮ್ಮ ಕಡೆಯವರ ನಾಲಿಗೆಗೂ ಹಕಾರಕ್ಕೂ ಆಗಿಬರುವುದಿಲ್ಲವಲ್ಲ, ಸಂಜೆಯೊಳಗೆ ಅವಳು ಎಲೆನಮ್ಮ ಆಗಿದ್ದಳು.

ಇಂಟರ್‌ಪ್ರಿಟರ್ ಪದವಿಯಿಂದ ನಾನು ಉಬ್ಬಿದ್ದೇನೋ ನಿಜ, ಆದರೆ ಆ ಹುಡುಗಿಗೆ ನನ್ನ ಅಗತ್ಯ ಅಷ್ಟಾಗಿ ಇರಲಿಲ್ಲ. ಅವಳ ತಾತ ಕಲ್ಲಿದ್ದಲ ಗಣಿಯಲ್ಲಿ ದುಡಿದವನಂತೆ. ಗಣಿಯ ಸೈರನ್ ಕೂಗಿದರೆ ನಮ್ಮ ಹೆಂಗಸರ ಹಾಗೆಯೇ ಅವಳೂ, ಒಳಗೆ ಯಾರಿಗೇನಾಯಿತೋ ಎಂದು, ಕೈಯಲ್ಲಿದ್ದದ್ದನ್ನು ಬಿಟ್ಟು ಕಿಟಕಿಯತ್ತ ತಿರುಗುತ್ತಿದ್ದಳು. ಅದಕ್ಕೆ ಯಾವ ಟ್ರಾನ್ಸ್‌ಲೇಷನ್ ಬೇಕು? ನಮ್ಮ ವಾರ್ಡಿನಲ್ಲಿ ಚಾಂಪಿಯನ್ ರೀಫ್ಸ್ ಗಣಿಯ ಲೈನುಮನೆಗಳವರು ತಮಿಳಿನಲ್ಲಿ, ಆಂಧ್ರದ ಗಡಿಯವರು ತೆಲುಗಿನಲ್ಲಿ, ಬಂಗಾರಪೇಟೆ ಕಡೆಯವರು ಕನ್ನಡದಲ್ಲಿ ನೋವು ತಿನ್ನುತ್ತಿದ್ದರು. ‘ಅಮ್ಮಾ’ ಎನ್ನುವುದು ಮಾತ್ರ ಮೂರರಲ್ಲೂ ಒಂದೇ. ಹೆಲೆನ್ ತಮಿಳರ ಸೆಲ್ವಿ ಆಯಾಳ ಪಕ್ಕ ಮೆಟ್ಟಿಲ ಮೇಲೆ ಕೂತು ಮೊದಲು ಕಲಿತ ಪದ ‘ಮುಕ್ಕು’. ತಮಿಳಿನಲ್ಲಿ ಉಸಿರು ಬಿಗಿಹಿಡಿದು ಕೆಳಕ್ಕೆ ತಳ್ಳು ಎಂದರ್ಥ. ವರಾಂಡದಲ್ಲಿ ಓಡಾಡುವಾಗಲೂ ಪ್ರೇಯರ್ ಹೇಳುವವಳಂತೆ ಮುಕ್ಕು, ಮುಕ್ಕು ಎಂದು ಗುನುಗುತ್ತಿದ್ದಳು.

ಒಂದು ಮಧ್ಯಾಹ್ನ ಬಂಗಾರಪೇಟೆ ಆಚೆಯ ಹಳ್ಳಿಯಿಂದ ರತ್ನ ಎಂಬ ಚೊಚ್ಚಲ ಬಸುರಿಯನ್ನು ಅವಳ ಅತ್ತೆ ಮುನಿವೆಂಕಟಮ್ಮ ಕರೆತಂದಳು. ಹುಡುಗಿ ಸೋತುಹೋಗಿದ್ದಳು, ತಳ್ಳುವ ಮನಸ್ಸೇ ಇಲ್ಲ. ಡಾಕ್ಟರು, ಇನ್ನೂ ಹೀಗೇ ಆದರೆ ಫೋರ್ಸೆಪ್ಸ್ ಹಾಕಿ ಎಳೆಯಬೇಕಾದೀತು ಎಂದು ಹೇಳಿ, ಆ ಇಕ್ಕಳವನ್ನು ಕುದಿಯಲು ಇಡಿಸಿದರು. ಹೆಲೆನ್ ರತ್ನಳ ಕೈ ಹಿಡಿದು, ತನ್ನಲ್ಲಿದ್ದ ಒಂದೇ ಅಸ್ತ್ರವನ್ನು ಬಿಟ್ಟಳು: “ಮುಕ್ಕಮ್ಮಾ! ಮುಕ್ಕು! ಮುಕ್ಕು!”

ನಮ್ಮ ಮನೆಗಳಲ್ಲಿ ತಿನ್ನು ಎನ್ನುವುದನ್ನು ಸಿಟ್ಟಿನಲ್ಲಿ ಹೇಳಿದರೆ ಮುಕ್ಕು ಎಂದಾಗುತ್ತದೆ. ಬಾಗಿಲಾಚೆಯಿಂದ ಮುನಿವೆಂಕಟಮ್ಮ ಗುಡುಗಿದಳು. “ಏನ್ ಮಾತಾಡ್ತಾಳಲೇ ಈವಮ್ಮ! ಬೆಳಗ್ಗಿಂದ ನನ್ ಸೊಸೆ ಒಂದ್ ತೊಟ್ ಕಾಪಿ ಕುಡಿದಿಲ್ಲ, ಏನ್ ಮುಕ್ಕಾಳು? ಮಂಚ ಮುಕ್ಕಾಳಾ?”

ರತ್ನ ಮೊದಲು ಮಂಚ ನೋಡಿದಳು. ಆಮೇಲೆ ಎಲೆನಮ್ಮನ ಮುಖ ನೋಡಿದಳು. “ನಗಿಸ್ಬ್ಯಾಡತ್ತೆ, ಸತ್ತೋಗ್ತೀನಿ...” ಎನ್ನುತ್ತಲೇ ಹೊಟ್ಟೆ ಕುಲುಕಿಕೊಂಡು ನಗತೊಡಗಿದಳು. ನಗುವಿನ ಹಿಂದೆಯೇ ನೋವು ಬಂತು. ನಾನು ತಪ್ಪನ್ನು ಎಕ್ಸ್‌ಪ್ಲೇನ್ ಮಾಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಲೆನ್, ಕಿವಿ ಕೆಂಪಾಗಿದ್ದರೂ, ತಾನೇ ಬಾಗಿಲು ತೆಗೆದು “ಅಮ್ಮಾ, ಬಾ. ನೀನು ಏಳು” ಎಂದು ಮುದುಕಿಯನ್ನು ಒಳಗೆ ಎಳೆದುಕೊಂಡಳು. ಹೇಳು ಎನ್ನುವುದು ಅಪ್ಪಟ ಕೋಲಾರದ ‘ಏಳು’ ಆಗಿತ್ತು! ಮನೆಯವರನ್ನು ಒಳಗೆ ಬಿಡುವ ರೂಲ್ಸ್ ನಮ್ಮಲ್ಲಿರಲಿಲ್ಲ. ಅವಳ ದೇಶದಲ್ಲಿ ಇತ್ತಂತೆ. ಅತ್ತೆ ಸೊಸೆಯ ತಲೆದೆಸೆಗೆ ನಿಂತು “ತಿಣುಕು ಕಣವ್ವಾ, ಇನ್ನೊಂದ್ ಕಿತ ತಿಣುಕು” ಎಂದರೆ, ಎಲೆನಮ್ಮ ಕಾಲ ಕಡೆಯಿಂದ “ತಿನುಕು, ತಿನುಕು” ಎನ್ನುವಳು. ಇಕ್ಕಳ ಪಾತ್ರೆಯಲ್ಲೇ ಉಳಿಯಿತು. ಹೆಣ್ಣು ಮಗು, ಸೈರನ್ನಿಗೆ ಸವಾಲು ಹಾಕುವಂಥ ಗಂಟಲು.

ಮಾರನೆಯ ದಿನ ಮುನಿವೆಂಕಟಮ್ಮ ನಮ್ಮಿಬ್ಬರಿಗೂ ಮುದ್ದೆ, ಮಸ್ಸೊಪ್ಪಿನ ಸಾರು ತಂದಳು. ತಟ್ಟೆಯನ್ನು ಹೆಲೆನ್ ಮುಂದಿಟ್ಟು, “ಈಗ ನೀನ್ ಮುಕ್ಕು ಕಣಮ್ಮಾ” ಎಂದು ಕಣ್ಣು ಮಿಟುಕಿಸಿದಳು. ಹೆಲೆನ್ ಪಾಠ ಕಲಿತ ಶಿಷ್ಯೆ: ಗದ್ದವನ್ನು ಎದೆಗೊತ್ತಿ, ಉಸಿರು ಬಿಗಿಹಿಡಿದು, ಮುದ್ದೆಯ ತುತ್ತನ್ನು ಹಾಗೇ ಕೆಳಕ್ಕೆ ತಳ್ಳಿದಳು. ಅಗಿಯದೆ! ಮುದ್ದೆ ನುಂಗುವ ಸರಿಯಾದ ಕ್ರಮವೇ ಅದು.

ಅದೇ ಹೊತ್ತಿಗೆ ನಾನು, ಬಂಗಾರಪೇಟೆಯಲ್ಲೇ ಹುಟ್ಟಿದವಳು, ನನ್‌ಗಳು ಕಲಿಸಿದಂತೆ ಬಾಯಿ ಮುಚ್ಚಿಕೊಂಡು, ಸ್ಪೂನಿನ ತುದಿಯಷ್ಟು ಮುದ್ದೆಯನ್ನು ಅಗಿಯುತ್ತಲೇ ಇದ್ದೆ. ಮುನಿವೆಂಕಟಮ್ಮ ನನ್ನ ದವಡೆಯನ್ನೇ ದಿಟ್ಟಿಸಿ, ಎಲೆನಮ್ಮನತ್ತ ಬಾಗಿ ಕೇಳಿದಳು: “ನಮ್ ಮಾತು ಚೆಂದಾಗೇ ಆಡ್ತಾಳೆ... ಈವಮ್ಮಂದು ಯಾವ್ ದೇಸ?”

ಅರ್ಥವಾಗದೆ ಹೆಲೆನ್ ನನ್ನತ್ತ ತಿರುಗಿದಳು. ಇಂಟರ್‌ಪ್ರಿಟರ್ ನಾನಲ್ಲವೇ! ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿ, “ಬೆಗ್ ಯುವರ್ ಪಾರ್ಡನ್?” ಎಂದೆ.