ಉಡಿಯೊಳಗೆ ಹೋದ ಡಿಸ್ಕು

ಅರ್ಧ ಕೆಡಿಸಿದವರು ನಮ್ಮ ಯಜಮಾನರು, ಉಳಿದರ್ಧ ಕೆಡಿಸಿದವಳು ನಾನು. ಕರೆಂಟಿನದಾಗಲಿ ಗ್ರಹಗಳದಾಗಲಿ ಏನೂ ತಪ್ಪಿಲ್ಲ. ಯಜಮಾನರು ಡಿಗ್ರಿ ಓದಿದವರು, ನನ್ನ ಓದು ಮೂರನೇ ಇಯತ್ತೆಗೆ ನಿಂತದ್ದು. ಆದರೂ ಈ ಒಂದು ಕೆಲಸದಲ್ಲಿ ಇಬ್ಬರ ಪಾಲೂ ಸಮ.

ನಮ್ಮ ಹಿರಿಯ ಮಗಳು ಶಾರದಾ ಮಿಯಾಪುರದಲ್ಲಿದ್ದಾಳೆ. ಅವಳ ಮಗಳ ಮದುವೆಯನ್ನು ದೀಪಾವಳಿ ಆದ ಮೇಲೆ ಎಂದು ಗೊತ್ತು ಮಾಡಿದ್ದೆವು. ನಮ್ಮಲ್ಲಿ ಮದುಮಕ್ಕಳಿಗೆ ಸುರಗಿ ನೀರು ಹಾಕುವಾಗ ಒಂದು ಪದ, ಅರಿಶಿಣ ಹಚ್ಚುವಾಗ ಒಂದು ಪದ, ಬೀಗರು ಊಟಕ್ಕೆ ಕೂತಾಗ ಅವರನ್ನು ಬೈಯಲು ಒಂದು ಪದ. ಹಾಡದೆ ನೀರು ಹಾಕಿದರೆ ಅದು ಬರೀ ಸ್ನಾನ. ಈ ಸಲದ ಬೀಗರು ತೆಲುಗಿನವರು, ಬೈದರೂ ತಿಳಿಯುವುದಿಲ್ಲ. ಅಂಥ ಬೀಗರು ಮತ್ತೆ ಸಿಗುವುದುಂಟೇ?

ಹೈದರಾಬಾದಿನ ನಮ್ಮ ಬಳಗದಲ್ಲಿ ಈ ಪದಗಳು ಬರುವುದು ಒಬ್ಬಳಿಗೇ. ನನ್ನ ನೆಗೆಣ್ಣಿ, ಅಂದರೆ ಯಜಮಾನರ ಅಣ್ಣನ ಹೆಂಡತಿ, ಶಿವಲಿಂಗವ್ವ. ಪಟಾನ್‌ಚೆರುವಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮೊಣಕಾಲು ಹಿಡಿದುಕೊಂಡಿವೆ, ದನಿ ಮಾತ್ರ ಇನ್ನೂ ಬಿಚ್ಚಿಯೇ ಇದೆ. ಯುಗಾದಿಗೆ ಅವಳನ್ನು ಬೇಗಂಪೇಟೆಯ ನಮ್ಮ ಮನೆಗೆ ಕರೆತಂದು ಕೂರಿಸಿ, ಅವಳಿಗೆ ಬರುವ ಪದಗಳನ್ನೆಲ್ಲ ಯಜಮಾನರು ಫೋನಿನಲ್ಲಿ ಹಿಡಿದರು. ಮುಗಿದಾಗ ಅವಳು ದಣಿದಿದ್ದಳು. ನನಗೆ ಕನಿಕರ ಬಂತು. "ಇನ್ನ ನೀ ಈ ಡಬ್ಬಿಯೊಳಗ ಕುಂತಿ ಯಕ್ಕಾ. ಮದುವಿಗೆ ನೀ ಬರದಿದ್ರೂ ನಡೀತೈತಿ" ಎಂದೆ.

ಮೊಣಕಾಲು ನೋಡಿ ಹೇಳಿದ ಮಾತು. ಅವಳು ಅದನ್ನು ಮೊಣಕಾಲಿಗೆ ಹಚ್ಚಿಕೊಳ್ಳಲಿಲ್ಲ, ಮನಸ್ಸಿಗೆ ಹಚ್ಚಿಕೊಂಡಳು. ಚಹಾ ಅರ್ಧಕ್ಕೆ ಬಿಟ್ಟು ಹೋದವಳು ಆಮೇಲೆ ನನ್ನ ಫೋನು ಎತ್ತಲಿಲ್ಲ. ಎತ್ತದಿದ್ದರೇನು, ಪದಗಳು ನಮ್ಮ ಹತ್ತಿರ ಇದ್ದವಲ್ಲ!

ಯಜಮಾನರು ಸರ್ಕಾರಿ ಕೆಲಸ ಮಾಡಿದವರು. ಯಾವುದನ್ನೂ ಒಂದೇ ಪ್ರತಿ ಇಟ್ಟು ಗೊತ್ತಿಲ್ಲ. ಪದಗಳನ್ನು ಇಡಲಿಕ್ಕೆಂದೇ ಎರಡು ಖಾನೆಯ ಒಂದು ಡಬ್ಬಿ ತಂದರು. ಖಾನೆಗೊಂದು ಡಿಸ್ಕು. ಅಂಗಡಿಯವನು ಹೇಳಿದ್ದನ್ನು ನನಗೆ ಪಾಠ ಮಾಡಿದರು: "ಇದು ಕನ್ನಡಿ ಇದ್ದಂಗ. ಒಂದರಾಗ ಬರದದ್ದು ಇನ್ನೊಂದರಾಗ ತಾನ ಮೂಡತೈತಿ. ಒಂದು ಸತ್ತರ ಇನ್ನೊಂದು ಇರತೈತಿ."

ಗಂಡ ಹೆಂಡತಿಯ ಹಾಗೆ ಎಂದೆ. ಅವರು ನಗಲಿಲ್ಲ.

ಡಬ್ಬಿಯನ್ನು ಕಂಪ್ಯೂಟರಿಗೆ ಹಚ್ಚಿದಾಗ ಅದು ಒಂದು ಪ್ರಶ್ನೆ ಕೇಳಿತಂತೆ. ಎರಡನ್ನೂ ಕನ್ನಡಿ ಮಾಡಲೋ, ಕೂಡಿಸಿ ಒಂದು ದೊಡ್ಡದು ಮಾಡಲೋ? ಕನ್ನಡಿ ಮಾಡಿದರೆ ಎರಡು ಡಿಸ್ಕಿದ್ದರೂ ಒಂದರಷ್ಟೇ ಜಾಗ. ಕೂಡಿಸಿದರೆ ಪೂರ್ತಿ ಜಾಗ. ಎರಡು ಖೋಲಿ ಹಿಡಿದು ಒಂದಕ್ಕೆ ಕೀಲಿ ಹಾಕುತ್ತಾರೇನು ಎಂದು ಯಜಮಾನರು ಕೂಡಿಸಿಬಿಟ್ಟರು. ಕನ್ನಡಿಯ ಗುಣ ಡಬ್ಬಿಗೆ ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಅವರ ನಂಬಿಕೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲೇ ತಿಳಿದಿದ್ದರೆ, ಸತ್ಯವಾಗಿ ಹೇಳುತ್ತೇನೆ, ನಾನೂ ಕೂಡಿಸಿರಿ ಎಂದೇ ಹೇಳುತ್ತಿದ್ದೆ.

ಸ್ವಲ್ಪ ದಿನಕ್ಕೆ ಫೋನು ತುಂಬಿತು. ಪದಗಳನ್ನು ಫೋನಿನಿಂದ ಅಳಿಸಲೋ ಬೇಡವೋ ಎಂದು ಯಜಮಾನರು ಬೆರಳೆತ್ತಿ ಕೂತಿದ್ದರು. ಎರಡು ಕಡೆ ಇರುವಾಗ ಮೂರನೆಯ ಕಡೆ ಯಾಕೆ, ಅಳಿಸಿರಿ ಎಂದೆ. ಅಳಿಸಿದರು. ನಾನು ಹೇಳಿದ್ದನ್ನು ಅವರು ಒಂದೇ ಮಾತಿಗೆ ಕೇಳಿದ್ದು ಅದೊಂದೇ ಸಲ.

ನಾಗರ ಪಂಚಮಿ ಬಂತು. ಶಾರದಾ ಮಿಯಾಪುರದಿಂದ, ಕಿರಿಯವಳು ವಿಜಯಾ ಕೂಕಟ್‌ಪಲ್ಲಿಯಿಂದ ತವರಿಗೆ ಬಂದರು. ಉಂಡಿ ತಿಂದರು, ಒಬ್ಬರ ಸೀರೆಗೆ ಇನ್ನೊಬ್ಬರು ಹೆಸರಿಟ್ಟರು. ಹೊರಡುವಾಗ ಉಡಿ ತುಂಬಬೇಕು. ಇಬ್ಬರು ಹೆಣ್ಣುಮಕ್ಕಳಿದ್ದವರಿಗೆ ನನ್ನ ಮಾತು ಗೊತ್ತಾಗುತ್ತದೆ: ಒಬ್ಬಳಿಗೆ ಉತ್ತತ್ತಿ ಒಂದು ಹೆಚ್ಚು ಬಿದ್ದರೂ ಮುಂದಿನ ಪಂಚಮಿಯವರೆಗೆ ಮಾತು ಉಳಿಯುತ್ತದೆ. ಖಣ ಎರಡು, ಕೊಬ್ಬರಿ ಬಟ್ಟಲು ಎರಡು. ಹಾಗೆಯೇ ಡಬ್ಬಿಯ ಕಡೆ ಕಣ್ಣು ಹೋಯಿತು. ಡಿಸ್ಕೂ ಎರಡು! ಎರಡರಲ್ಲೂ ಅದೇ ಪದ. ದೊಡ್ಡಮ್ಮನ ಪದ ಇಬ್ಬರು ಮಕ್ಕಳ ಮನೆಯಲ್ಲೂ ಇರಲಿ ಎಂದು ನನಗೆ ಬಂದ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಯಜಮಾನರು ಹೊರಗೆ ಹೋಗಿದ್ದರು. ನಾನೇನು ಅಷ್ಟು ದಡ್ಡಿಯಲ್ಲ. ಸ್ವಿಚ್ ಆರಿಸಿಯೇ ಡಿಸ್ಕು ಎಳೆದೆ. ಖಣದಲ್ಲಿಟ್ಟು, ಮೇಲೆ ಅಕ್ಕಿ, ಅಡಿಕೆ, ಅರಿಶಿಣ ಬೇರು ಹಾಕಿ ಇಬ್ಬರಿಗೂ ಸಮನಾಗಿ ಉಡಿ ತುಂಬಿದೆ. ಇಬ್ಬರೂ ಕಾಲಿಗೆ ಬಿದ್ದು ಹೋದರು.

ಮರುದಿನ ಶಾರದಾ ಡಿಸ್ಕಿನ ಸಂದಿಯಿಂದ ಅಕ್ಕಿ ಕಾಳು ತೆಗೆದು, ಗಂಡನ ವಯರು ಹುಡುಕಿ ಕಂಪ್ಯೂಟರಿಗೆ ಹಚ್ಚಿದಳು. ಅಳಿಯ ಆಫೀಸಿನಲ್ಲಿದ್ದರು, ಹೀಗಾಗಿ ನನಗೆ ಫೋನು ಮಾಡಿದಳು.

"ಅವ್ವ, ಇದು ಡಿಸ್ಕಿನಾಗ ಏನೂ ಇಲ್ಲ ಅನ್ನಾಕತ್ತೈತಿ. ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳತೈತಿ."

"ಹಂಗಂದ್ರ ಏನ?"

"ಸ್ವಚ್ಛ ಮಾಡೂದು."

"ಸ್ವಚ್ಛ ಮಾಡ್ತೀನಿ ಅಂದವರಿಗೆ ಬ್ಯಾಡ ಅನಬಾರದವ್ವ. ಹೂಂ ಅನ್ನು."

ಅವಳು ಹೂಂ ಅಂದಳು. ಡಿಸ್ಕು ಹೊಸ ಹಂಡೆಯ ಹಾಗೆ ಸ್ವಚ್ಛವಾಯಿತು. ಪದ ಇಲ್ಲದಿದ್ದರೆ ತಂಗಿಯ ಡಿಸ್ಕಿನಿಂದ ತಂದರಾಯಿತು ಎಂದು, ಖಾಲಿ ಬಿಡುವುದೇಕೆಂದು, ಮದುವೆ ಸೀರೆಗಾಗಿ ಅಂಗಡಿ ಅಂಗಡಿಯಲ್ಲಿ ತೆಗೆದ ವಿಡಿಯೊಗಳನ್ನು ಅದರ ತುಂಬ ತುಂಬಿದಳು. ಇದ್ದಬದ್ದದ್ದೂ ಅದರ ಅಡಿಗೆ ಹೋಯಿತು.

ಸಂಜೆ ವಿಜಯಾಳ ಫೋನು. ಅವಳ ಡಿಸ್ಕೂ ಅದೇ ಮಾತು ಕೇಳುತ್ತಿದೆಯಂತೆ. ಇವಳಿಗೆ ಹೂಂ ಅನ್ನಬೇಡ ಎಂದೆ. ಎರಡೂ ಖಾಲಿ ಇರಬೇಕಾದರೆ ಪದ ಇರುವುದೆಲ್ಲಿ?

ಹಿರಿಯ ಅಳಿಯ ಎರಡೂ ಡಿಸ್ಕು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಹಳ ಹೊತ್ತು ಕಂಪ್ಯೂಟರಿನ ಮುಂದೆ ಕೂತರು. ಆಮೇಲೆ ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಅಳಿಯಂದಿರಿಗೆ ಮಾವನಿಗಿಂತ ಅತ್ತೆಗೆ ಹೇಳುವುದು ಸಲೀಸು.

"ಅತ್ತಿ, ಇದು ಕನ್ನಡಿ ಇರಲೇ ಇಲ್ರಿ. ಎರಡೂ ಕೂಡಿ ಒಂದ ಡಿಸ್ಕು ಆಗಿತ್ತು. ಪದದ ಒಂದು ತುಣುಕು ಅದರಾಗ, ಮುಂದಿನ ತುಣುಕು ಇದರಾಗ."

"ಹಂಗಾರ ವಿಜಯಾನ ಡಿಸ್ಕಿನಾಗ ಅರ್ಧಾ ಪದ ಅವ ಏನ್ರಿ?"

"ಅರ್ಧಾ ಅಲ್ರಿ. ಹರದ ಪದ."

ರೊಟ್ಟಿ ಮುರಿದು ಇಬ್ಬರಿಗೆ ಕೊಟ್ಟರೆ ಇಬ್ಬರ ಹೊಟ್ಟೆಗೂ ಅಷ್ಟಿಷ್ಟು ಹೋಗುತ್ತದೆ. ನಾನು ಮಾಡಿದ್ದು ಸೀರೆ ಬಿಚ್ಚಿ ಉದ್ದದ ಎಳೆ ಒಬ್ಬಳಿಗೆ, ಅಡ್ಡದ ಎಳೆ ಒಬ್ಬಳಿಗೆ ಕೊಟ್ಟ ಹಾಗಾಗಿತ್ತು. ಅದರಲ್ಲಿ ಉದ್ದದ ಎಳೆಯನ್ನು ಶಾರದಾ ನನ್ನ ಮಾತು ಕೇಳಿ ಒಲೆಗೆ ಹಾಕಿದ್ದಳು.

ಅಳಿಯ ಹೋದ ಮೇಲೆ ನಾವಿಬ್ಬರೂ ನ್ಯಾಯಕ್ಕೆ ಕೂತೆವು. ಡಿಸ್ಕು ಎಳೆದವಳು ನೀನು ಎಂದು ಅವರು. ಕನ್ನಡಿ ಎಂದು ಹೇಳಿ ಕನ್ನಡಿ ಮಾಡದವರು ನೀವು ಎಂದು ನಾನು. ಅವರು ಕಲಿತ ಪಾಠ, ಡಬ್ಬಿಗೆ ಕೀಲಿ ಹಾಕಬೇಕು ಎಂಬುದು. ಅದು ತಪ್ಪು ಪಾಠ. ಕೀಲಿ ಹಾಕಿದ್ದರೂ ಒಂದು ಡಿಸ್ಕು ಕೆಟ್ಟ ದಿನ ಎರಡೂ ಹೋಗುತ್ತಿದ್ದವು. ನಾನು ಕಲಿತದ್ದು ಬೇರೆ. ಎರಡು ಇವೆ ಎಂದವರಿಗೆ, ಒಂದನ್ನು ಬದಿಗಿಟ್ಟು ಇನ್ನೊಂದರಿಂದ ಹಾಡಿಸಿ ತೋರಿಸಿರಿ ಅನ್ನಬೇಕು. ತೋರಿಸಿದ ಮೇಲೂ ಮೂರನೆಯದನ್ನು ಅಳಿಸಬಾರದು. ಮುಖ್ಯವಾಗಿ, ಅಳಿಸಲೇ ಎಂದು ನನ್ನನ್ನು ಕೇಳಬಾರದು.

ಮದುವೆ ಮಾತ್ರ ಯಾರ ಪಾಠಕ್ಕೂ ಕಾಯುವುದಿಲ್ಲ. ಪದ ಇನ್ನು ಇದ್ದದ್ದು ಒಂದೇ ಕಡೆ, ಫೋನು ಎತ್ತದ ಶಿವಲಿಂಗವ್ವನ ಬಾಯಲ್ಲಿ.

ಮರುದಿನ ಬೆಳಿಗ್ಗೆ ಮಿಯಾಪುರದವರೆಗೆ ಮೆಟ್ರೊ ಹಿಡಿದೆ. ಅಲ್ಲಿಂದ ಕಾರ್ಖಾನೆಗೆ ಹೋಗುವವರ ಬಸ್ಸಿನಲ್ಲಿ ನಿಂತುಕೊಂಡು ಪಟಾನ್‌ಚೆರು ಸೇರಿದೆ. ಶಿವಲಿಂಗವ್ವ ಬಾಗಿಲಲ್ಲಿ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಡಬ್ಬಿಯೊಳಗ ಕುಂತಾಕಿ ಏನಂತಾಳ?" ಎಂದಳು.

ಸತ್ತಳು ಎಂದೆ. ನಡೆದದ್ದನ್ನೆಲ್ಲ ಹೇಳಿದೆ, ಉಡಿ ತುಂಬಿದ್ದನ್ನೂ ಬಿಡಲಿಲ್ಲ. ಅವಳು ಸೊಪ್ಪು ಬದಿಗೆ ಸರಿಸಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಕ್ಕು ಮುಗಿದ ಮೇಲೆ ನಾನು ಚೀಲದಿಂದ ಫೋನು ತೆಗೆದೆ.

"ಅದನ್ನ ಒಳಗಿಡು" ಎಂದಳು. "ಮದುವಿಗೆ ನಾ ಬರತೀನಿ, ಉಣ್ಣತೀನಿ. ಹಾಡಾಕಿ ನೀನು. ಬಾ, ಕೂಡು. ನಾ ಒಂದು ಸಾಲು ಅಂತೀನಿ, ನೀ ಹಿಂದ ಅನ್ನು."

ಕೂತೆ. ಅಂದೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸುರಗಿಯ ಪದ ಪೂರ್ತಿ ಬಂತು. ಅರಿಶಿಣದ ಪದ ಕಲಿಯಲು ಹೋದೆ. ಅದು ಬರುವಷ್ಟರಲ್ಲಿ ಸುರಗಿಯದು ಹೋಗಿತ್ತು.