ಹಾಡು ಹೆಂಗೈತಿ ಅಂತ ಕೇಳುವವನು

ಆಗ ನನಗೆ ಅರವತ್ತೆಂಟು ವರ್ಷ. ಈ ಮಾತಾಗಿ ಈಗ ನಾಲ್ಕು ವರ್ಷವಾಯಿತು. ನಮ್ಮ ಸೀಮೆಯಲ್ಲಿ ಅಭಿಪ್ರಾಯ ಹೇಳುವವರಿಗೆ ಎಂದೂ ಬರ ಬಂದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಲ್ಲು ಎಸೆದರೆ ನಾಲ್ಕು ಜನಕ್ಕೆ ತಾಗುತ್ತದೆ, ನಾಲ್ವರೂ ಆ ಕಲ್ಲಿನ ಬಗ್ಗೆ ಅಭಿಪ್ರಾಯ ಹೇಳುತ್ತಾರೆ. ಆದರೆ ಇನ್ನೊಬ್ಬರ ಅಭಿಪ್ರಾಯವನ್ನು ಊರೂರು ತಿರುಗಿ ಕೇಳಿ, ಹೇಳುವವರ ಬಾಯನ್ನೇ ದಿಟ್ಟಿಸುತ್ತಾ ಕೊನೆಯ ಮಾತಿನವರೆಗೆ ಕೂತಿರುವ ಗಂಡಸನ್ನು ನಾನು ನೋಡಿದ್ದು ಒಬ್ಬನನ್ನೇ. ಅವನು ನನ್ನ ತಮ್ಮ.

ಹೆಸರು ಹೇಳುವುದಿಲ್ಲ. ಸಿಂಧನೂರಿನವರಿಗೆ ಹೆಸರು ಬೇಕಾಗಿಯೂ ಇಲ್ಲ, ‘ಡಬ್ಬಿ ಮುದುಕ’ ಅಂದರೆ ಸಾಕು.

ಅವನು ನಲವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಂಡವನು. ಮಷೀನು ಕೆಟ್ಟರೆ ಬೇರೆಯವರು ಬಿಚ್ಚಿ ನೋಡುತ್ತಾರೆ. ಇವನು ಅಂಗೈ ಇಟ್ಟು ಕಣ್ಣು ಮುಚ್ಚಿ, ಮೂರನೇ ಬೇರಿಂಗ್ ಹೋಗಾಕತ್ತೈತಿ ಅನ್ನುತ್ತಿದ್ದ. ಬಿಚ್ಚಿದರೆ ಹೌದೇ ಹೌದು. ಈ ಚಾಳಿ ಮಿಲ್ಲಿನ ಬಾಗಿಲಿಗೆ ನಿಲ್ಲಲಿಲ್ಲ. ಯಾರ ಮನೆಗೆ ಹೋದರೂ ಫ್ರಿಜ್ಜಿಗೆ, ಗ್ರೈಂಡರಿಗೆ, ನೀರಿನ ಮೋಟರಿಗೆ ಅಂಗೈ ಇಡುವುದೇ. ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಕಡೆ ನೋಡಲೇ ಇಲ್ಲ. ಅವರ ಮಿಕ್ಸರಿಗೆ ಕೈ ಇಟ್ಟು, ಇದು ಇನ್ನೊಂದು ತಿಂಗಳು ನಡೆದರೆ ಹೆಚ್ಚು ಅಂದ. ಬೀಗರು ಮಿಕ್ಸರ್ ಬದಲಾಯಿಸಿ ಹುಡುಗಿಯನ್ನು ಕೊಟ್ಟರು.

ಇನ್ನೊಂದು ಅವನಿಗೆ ಇದ್ದದ್ದು ಸೋಮವಾರದ ಭಜನೆ. ಸಿಂಧನೂರಿನಲ್ಲಿ ಅವನ ಓಣಿಯ ಗುಡಿಯಲ್ಲಿ ಮೂವತ್ತು ವರ್ಷದಿಂದ ತಾಳ ಅವನದೇ. ಹೆಂಡತಿ ಸತ್ತ ವಾರವೂ ಹೋಗಿ ತಾಳ ಹಿಡಿದ. ಜನ ಆಡಿಕೊಂಡರು, ನಾನೂ ಬೈದೆ. “ಅಲ್ಲಿ ಕುಂತ್ರ ಎದಿ ಹಗರಾಗತೈತಿ ಅಕ್ಕಾ. ಮನ್ಯಾಗ ಎಲ್ಲಿ ಕುಂದರಲಿ ಹೇಳು,” ಅಂದ. 

ಮಿಲ್ಲಿನ ಕೆಲಸ ಬಿಟ್ಟ ಮೇಲೆ ಒಂದು ಕೆಂಪು ಸ್ಪೀಕರ್ ಡಬ್ಬಿ ತಂದುಕೊಂಡ, ಸಣ್ಣ ಕುಂಬಳಕಾಯಿಯಷ್ಟು. ಅದರಲ್ಲಿ ಮೊಬೈಲ್ ಅಂಗಡಿಯವನು ಒಂದು ಹಾಡು ತುಂಬಿಕೊಟ್ಟಿದ್ದ. ಮಂತ್ರಕ್ಕೆ ಹೊಸಗಾಲದ ವಾದ್ಯ ಕೂಡಿಸಿದ, ಧ್ಯಾನಕ್ಕೆ ಹಚ್ಚುವ ಹಾಡಂತೆ. ಮೊದಲು ಗುಹೆಯೊಳಗಿಂದ ನಾಲ್ಕಾರು ಗಂಡಸರು ಓಂ ಅನ್ನುತ್ತಾರೆ. ಸುಳ್ಳೇಕೆ, ಚೆನ್ನಾಗಿಯೇ ಅನ್ನುತ್ತಾರೆ. ಅಷ್ಟರಲ್ಲಿ ಯಾರೋ ಮದುವೆ ಮೆರವಣಿಗೆಯ ಡಿಜೆಯನ್ನು ಅದೇ ಗುಹೆಗೆ ನುಗ್ಗಿಸುತ್ತಾರೆ. ಮಂತ್ರ ಹೇಳುವವರು ಹೆದರಿ ಓಡಿಹೋಗುತ್ತಾರೆ ಅಂದುಕೊಂಡರೆ ಅವರೂ ಕುಣಿಯುತ್ತಾ ಓಂ ಅನ್ನುತ್ತಾರೆ.

ಇದನ್ನು ನನಗೆ ಕೇಳಿಸಲು ಅವನು ಸಿಂಧನೂರಿನಿಂದ ನಾನಿರುವ ಮಸ್ಕಿಗೆ ಮೊಪೆಡ್ಡಿನ ಮೇಲೆ ಬಂದ. ಫೋನಿನಲ್ಲಿ ಮಾತಾಡುವುದನ್ನು ಅವನು ಬಿಟ್ಟೇ ಬಿಟ್ಟಿದ್ದ. ಎದುರು ಕೂತು ಮಾತಾಡದಿದ್ದರೆ ಅದು ಮಾತಲ್ಲ ಅನ್ನುತ್ತಿದ್ದ. ನನ್ನ ಅಂಗಳದಲ್ಲಿ ಡಬ್ಬಿ ಇಟ್ಟು, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂತ. ಹಾಡು ಮುಗಿದ ಮೇಲೆ ನನ್ನ ಮುಖ ನೋಡಿದ.

“ಹೆಂಗೈತಿ ಹಾಡು?”

“ಎದಿ ಮ್ಯಾಲೆ ಒನಕಿ ಹಾಕಿ ಕುಟ್ಟಿದಂಗೈತಿ. ಓಂ ಅಂತ ಒಂದ್ಸಲ ಅಂದ್ರ ಸಾಲಂಗಿಲ್ಲೇನು? ದೇವ್ರೇನು ಕಿವುಡ ಅದಾನೇನು ಇಷ್ಟು ಬಡ್ಯಾಕ?”

ಅವನು ನಕ್ಕ. “ಅದು ಬಿಡು. ಹೆಣ್ಣಿನ ದನಿ ಐತಿ ಅಂದ ಅಂಗಡಿಯವ, ಎಲ್ಲಿ ಬರತೈತಿ? ಮಾತು ಏನೇನದಾವು?”

“ನೀನ ತಂದಿ, ನೀನ ಕೇಳಿದಿ. ನನ್ನೇನು ಪರೀಕ್ಷಾ ಮಾಡಾಕ ಬಂದೀಯೇನಲೇ?” ಅಂದೆ. ರೊಟ್ಟಿ ತಿಂದು ಹೋದ.

ನಾನು ನಲವತ್ತರಲ್ಲಿ ಸಾಕ್ಷರತೆ ಕ್ಲಾಸಿಗೆ ಹೋಗಿ ಅಕ್ಷರ ಕಲಿತವಳು. ಒತ್ತಕ್ಷರ ಇಂದಿಗೂ ನನ್ನ ಕೈಗೆ ಬಗ್ಗುವುದಿಲ್ಲ, ಉಳಿದವು ಎಮ್ಮೆ ಗಾತ್ರ ಬರುತ್ತವೆ. ಅಂಥವಳ ಅಭಿಪ್ರಾಯಕ್ಕೆ ಯಾರು ಕಾಯುತ್ತಾರೆ? ಅವನು ನೇರ ಬಸ್ ಸ್ಟ್ಯಾಂಡಿನ ದರ್ಜಿ ಚಾಚಾನ ಅಂಗಡಿಗೆ ಹೋದ. ಚಾಚಾ ಹೊಲಿಯುತ್ತಲೇ ಹಾಡು ಕೇಳಿದ. “ಧುನ್ ಛಲೋ ಐತಿ ಭಾಯಿ. ನನ್ನ ಕಾಲು ತಾನ ಓಡಾಕತ್ತಿತು, ಒಂದು ಜಂಪರ್ ಅರ್ಧ ತಾಸಿನ್ಯಾಗ ಮುಗೀತು. ಬಾನ್ಸುರಿ ಎರಡು ಸಲ ಬರತೈತಿ ನೋಡು, ಅದು ಮಾತ್ರ ಖರೇವಂದ್ರ ಸುಕೂನ್, ಮನಸು ತಣ್ಣಗಾಗತೈತಿ,” ಅಂದ. ಆ ಜಂಪರ್ ನಾನು ಹೊಲಿಯಲು ಕೊಟ್ಟಿದ್ದ ಕುಪ್ಪಸವೇ, ಮರುದಿನ ನನಗೇ ಬಂತು. ತೋಳು ಎರಡೂ ಎಡಗೈಯವು. ಧ್ಯಾನದ ಹಾಡು ಕೇಳಿ ಕೆಟ್ಟ ಮೊದಲ ಬಟ್ಟೆ ನನ್ನದು.

ಮುಂದಿನ ತಿಂಗಳು ಲಿಂಗಸುಗೂರಿನಲ್ಲಿ ನನ್ನ ಮೊಮ್ಮಗಳ ಕೂಸಿಗೆ ತೊಟ್ಟಿಲು. ಇಬ್ಬರೂ ಮಸ್ಕಿಯಿಂದ ಬಸ್ ಹತ್ತಿದೆವು. ಡಬ್ಬಿಯೂ ಹತ್ತಿತು. ಬಸ್ಸಿನಲ್ಲಿ ನಮ್ಮ ಓಣಿಯ ಮೇಷ್ಟ್ರು ಸಿಕ್ಕರು, ಬೌದ್ಧರ ಮನೆಯವರು, ಅಳೆದು ಮಾತಾಡುವವರು. ಇವನು ಅವರಿಗೂ ಹಾಡು ಕೇಳಿಸಿದ.

“ನಾವು ವಂದನಾ ಹೇಳುವಾಗ ಸಾಲಿಗೂ ಸಾಲಿಗೂ ನಡುವ ಒಂದೀಟು ಸುಮ್ನ ಇರ್ತೀವ್ರಿ. ಆ ಸುಮ್ನ ಇರೋದ ಮುಖ್ಯ. ಈ ಹಾಡಿನ್ಯಾಗ ಆ ಜಾಗಾನೆಲ್ಲ ಡ್ರಮ್ಮಿನವ ತಗೊಂಡಾನ,” ಅಂದರು.

“ಎಷ್ಟೊತ್ತು ಸುಮ್ನ ಇರ್ತೀರಿ ಸರ?” ಅಂತ ಇವನು ಕೇಳಿದ, ಬೇರಿಂಗಿನ ಅಳತೆ ಕೇಳಿದಂತೆ.

ಮುಂದಿನ ಸೀಟಿನಲ್ಲಿ ಕೂತಿದ್ದ ಕಾಲೇಜು ಹುಡುಗಿ ತಿರುಗಿದಳು. “ಸರ, ಸುಮ್ನ ಕುಂತ್ರ ನಮಗ ಪರೀಕ್ಷಾನ ನೆನಪಾಗತೈತಿ. ಡ್ರಮ್ ಇದ್ರನ ಸುಮ್ನ ಕುಂದ್ರಾಕ ಆಗತೈತಿ. ಟೆನ್ಷನ್‌ಗೆ ಇದು ಛಲೋರಿ. ನಡುವ ಆ ಹುಡುಗಿ ದನಿ ಬರತೈತಲ್ಲ, ಮೂರನೇ ಸಲ ಓಂ ಆದ ಮ್ಯಾಲೆ, ಅಲ್ಲಿ ನನಗ ಅಳುನ ಬರತೈತಿ.”

“ನಮ್ಮ ಕಾಲಕ್ಕ ಟೆನ್ಷನ್ ಇರಲಿಲ್ಲವಾ, ಹೇನು ಇದ್ವು,” ಅಂದೆ ನಾನು. ಬಸ್ ನಕ್ಕಿತು. ಆದರೆ ಮೇಷ್ಟ್ರು ನಗಲಿಲ್ಲ. ಹುಡುಗಿಯ ಮಾತೂ ಸರಿಯೇ ಅಂದರು. ಆಮೇಲೆ ನನಗೂ ಹಾಗೇ ಅನ್ನಿಸಿತು. ಒಬ್ಬರಿಗೆ ಮೌನದಲ್ಲಿ ಸಿಗುವುದು ಇನ್ನೊಬ್ಬರಿಗೆ ಗದ್ದಲದಲ್ಲಿ ಸಿಕ್ಕರೆ ನನ್ನ ಗಂಟೇನು ಹೋಯಿತು? ಹಾಗಂತ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ, ತಮ್ಮ ಪಕ್ಕದಲ್ಲೇ ಕೂತಿದ್ದ.

ಲಿಂಗಸುಗೂರಿನಲ್ಲಿ ಕೂಸು ಅಳು ನಿಲ್ಲಿಸಲಿಲ್ಲ. ಇವನು ಡಬ್ಬಿಯನ್ನು ತೊಟ್ಟಿಲ ಕೆಳಗೆ ಇಟ್ಟ. ಗುಹೆಯವರು ಓಂ ಅಂದರು, ಡಿಜೆ ನುಗ್ಗಿತು, ಕೂಸು ಮಲಗಿಬಿಟ್ಟಿತು. ಇವನು ಬಗ್ಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಅದನ್ನು ನೋಡಿದ ಬೀಗರ ಕಡೆಯ ಹೆಂಗಸೊಬ್ಬಳು ಇದೇನೋ ಮಹಿಮೆಯ ವಸ್ತು ಅಂದುಕೊಂಡು ತಾನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳ ಹಿಂದೆ ಸಾಲು ನಿಂತಿತು. ಒಬ್ಬಳು ಕುಂಕುಮ ಏರಿಸಿದಳು, ಇನ್ನೊಬ್ಬಳು ಎರಡು ಅಕ್ಕಿಕಾಳು. ಇವನು ಯಾರನ್ನೂ ತಡೆಯಲಿಲ್ಲ, ಒಬ್ಬೊಬ್ಬರನ್ನೂ ಹಾಡು ಹೆಂಗೈತಿ ಅಂತ ಕೇಳಿದ. ಊರಿಗೆ ಬಂದ ಮೇಲೆ ಡಬ್ಬಿಗೆ ನೆಗಡಿ ಹತ್ತಿತ್ತು. ಕುಂಕುಮ ತೂತಿನೊಳಗೆ ಇಳಿದು, ಓಂ ಅನ್ನುವುದು ಮೂಗಿನಿಂದ ಬರುತ್ತಿತ್ತು. ಅದೂ ಅವನಿಗೆ ಗೊತ್ತಾಗಲಿಲ್ಲ. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಅಷ್ಟರಲ್ಲಿ ಭಜನೆಯಲ್ಲಿ ತಕರಾರು ಶುರುವಾಯಿತು. ಮೇಳದ ಹಿರಿಯರು ನನಗೆ ಹೇಳಿ ಕಳಿಸಿದರು. ಹಾಡುವವರು ಅವರೇ. ನಿಮ್ಮ ತಮ್ಮನ ತಾಳ ಹಳಿ ತಪ್ಪಿದೆ, ಆ ಡಬ್ಬಿಯ ಕುಣಿತ ಅವನ ಕೈಗೆ ಹತ್ತಿದೆ, ಡಬ್ಬಿ ಬಿಡಬೇಕು, ಇಲ್ಲವೇ ತಾಳ ಕೆಳಗಿಡಬೇಕು, ಈ ಸೋಮವಾರವೇ ಕೊನೆ ಅಂತ. ನಾನು ಸಿಂಧನೂರಿಗೆ ಹೋದೆ. ಗುಡಿಯ ಕಟ್ಟೆಯ ಮೇಲೆ ಇಬ್ಬರನ್ನೂ ಕೂರಿಸಿದೆ.

“ತಾಳ ತಪ್ಪಾಕ ಡಬ್ಬಿ ಕಾರಣ ಅಲ್ರಿ, ನಿಮ್ಮ ಗಡ್ಡ ಕಾರಣ,” ಅಂದ ನನ್ನ ತಮ್ಮ.

ಹಿರಿಯರು ಯಾವುದೋ ಹರಕೆಗೆ ಆರು ತಿಂಗಳಿಂದ ಗಡ್ಡ ಮೀಸೆ ಬಿಟ್ಟಿದ್ದರು. ಬಾಯಿ ಎಲ್ಲಿದೆ ಅಂತ ಹುಡುಕಬೇಕಿತ್ತು.

“ನನ್ನ ಗಡ್ಡಕ್ಕೂ ನಿನ್ನ ತಾಳಕ್ಕೂ ಏನಪಾ ಸಂಬಂಧ?”

“ಗಡ್ಡ ತಗೀರಿ, ತಾಳ ತಾನ ಸರಿ ಆಗತೈತಿ.”

“ನೋಡವ್ವ, ಹಿಂಗ ಮಾತಾಡತಾನ. ಡಬ್ಬಿ ತಲಿಗೂ ಏರೈತಿ,” ಅಂತ ಹಿರಿಯರು ನನ್ನ ಕಡೆ ತಿರುಗಿದರು. ಮೇಳದವರು ನಕ್ಕರು. ನಾನೂ ನಕ್ಕೆ. 

ಸಂಜೆ ಭಜನೆ ಶುರುವಾಯಿತು. ತಮ್ಮ ತಾಳ ಹಿಡಿದು ಹಿರಿಯರ ಮುಖಕ್ಕೆ ಕಣ್ಣು ನೆಟ್ಟು ಕೂತ. ಎರಡು ಪದ ಹೇಗೋ ಸಾಗಿದವು. ಮೂರನೆಯದು ನಿಧಾನದ ಪದ. ಹಿರಿಯರು ಕಣ್ಣು ಮುಚ್ಚಿ, ಗಡ್ಡದ ಒಳಗೆ ಎಲ್ಲೋ ಹಾಡುತ್ತಿದ್ದರು. ತಮ್ಮ ಸ್ವಲ್ಪ ಹೊತ್ತು ಅವರ ಮುಖ ನೋಡಿದ, ಆಮೇಲೆ ಡೋಲಕ್ಕಿನವನ ಕೈ ನೋಡಿದ, ಆಮೇಲೆ ತಾನೂ ಕಣ್ಣು ಮುಚ್ಚಿದ. ಪದ ಮುಗಿಯಿತು. ಡೋಲಕ್ ನಿಂತಿತು. ಹಾರ್ಮೋನಿಯಂ ನಿಂತಿತು. ತಾಳ ನಿಲ್ಲಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಮುಖದ ತುಂಬ ಸಮಾಧಾನ ಇಟ್ಟುಕೊಂಡು, ಒಬ್ಬನೇ ತಾಳ ಹಾಕುತ್ತಿದ್ದ. ಆ ಗುಡಿಯಲ್ಲಿ ಯಾರೂ ನಗಲಿಲ್ಲ. ಹಿರಿಯರು ಎದ್ದು ಬಂದು ಅವನ ಕೈಯಿಂದ ತಾಳ ತೆಗೆದುಕೊಂಡರು. ಅವನು ಕಣ್ಣು ಬಿಟ್ಟು ಎಲ್ಲರನ್ನೂ ನೋಡಿದ. ಆಮೇಲೆ ನನ್ನನ್ನು ಕೇಳಿದ.

“ಹೆಂಗಾತು ಅಕ್ಕಾ ಇವತ್ತಿನ ಭಜನಿ?”

ಅವನ ಮನೆಗೆ ಬಂದೆವು. ಅವನು ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನೀರು ಕುಡಿಯುತ್ತಿದ್ದ. ನಾನು ಹಿಟ್ಟು ನಾದುವ ಸ್ಟೀಲಿನ ಪರಾತವನ್ನು ಎತ್ತಿ ಫರಸಿಕಲ್ಲಿನ ನೆಲದ ಮೇಲೆ ಬಿಟ್ಟೆ. ಹೊರಗಿನ ಕೋಣೆಯಿಂದ ಅವನ ಸೊಸೆ ಓಡಿ ಬಂದಳು. ಅವನು ನೀರು ಕುಡಿಯುತ್ತಲೇ ಇದ್ದ. “ಅವ್ರು ಹಂಗನರಿ ಅತ್ತಿ. ಕರದ್ರ ಹೊಳ್ಳಿ ನೋಡಂಗಿಲ್ಲ, ಭಾಳ ಹಟ,” ಅಂದಳು ಸೊಸೆ. ಅವಳನ್ನು ಏನನ್ನಲಿ? ಮನೆಯಲ್ಲಿ ಕರೆದರೆ ಗಂಡಸು ತಿರುಗದಿರುವುದನ್ನು ರೋಗ ಅಂತ ಯಾವ ಹೆಂಗಸು ತಿಳಿದಾಳು?

ಅವಳು ಹೋದ ಮೇಲೆ ಅವನ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

“ಎಷ್ಟು ವರ್ಷಾತು?”

ನನ್ನ ಬಾಯಿ ನೋಡಿದ. ಸುಳ್ಳು ಹೇಳಲು ನೋಡಿದ, ಆಗಲಿಲ್ಲ.

“ಆರು. ಎಡಗಡಿದು ಮೊದ್ಲ ಹೋತು.”

“ಕಿವಿಗೆ ಮಷೀನ್ ಹಾಕ್ಕೋಬೇಕಿಲ್ಲೋ?”

“ಹಾಕಿ ನೋಡೀನಿ. ಎಲ್ಲಾ ಕೂಡಿ ಮಿಲ್ಲಿನ ಸಪ್ಪಳ ಆಗತೈತಿ. ಕಿವುಡ ಅಂತ ಗೊತ್ತಾದ್ರ ತಾಳ ಕಸಗೊಳ್ತಾರ ಅಂತ ಹೇಳಲಿಲ್ಲ. ಹಿರಿಯರ ತುಟಿ ನೋಡಿ ಹಾಕತಿದ್ದೆ. ಗಡ್ಡ ಬಿಟ್ರು.”

ಆಮೇಲೆ ಡಬ್ಬಿ ತಂದು ನಡುವೆ ಇಟ್ಟು, ನನ್ನ ಅಂಗೈ ಎಳೆದು ಅದರ ಮೇಲೆ ಇಟ್ಟ. ದಮ್ಮ ದಮ್ಮ ಅಂತ ಕೈಯೊಳಗೆ ಬಂತು, ಮೊಳಕೈವರೆಗೆ ಏರಿತು. ನನಗೆ ಗದ್ದಲವಾಗಿದ್ದದ್ದು ಅದೇ.

“ಭಜನಿ ಕೈಗೆ ಸಿಗಂಗಿಲ್ಲ ಅಕ್ಕಾ. ಇದು ಸಿಗತೈತಿ. ಬಾನ್ಸುರಿ ಎರಡು ಸಲ ಅಂತ ದರ್ಜಿ ಹೇಳಿದ. ಮೂರನೇ ಓಂ ಆದ ಮ್ಯಾಲೆ ಹೆಣ್ಣಿನ ದನಿ ಅಂತ ಆ ಹುಡುಗಿ ಹೇಳಿದ್ಲು, ಅಲ್ಲಿ ಅಳು ಬರತೈತಂತ. ಮೇಷ್ಟ್ರು ಎಲ್ಲಿ ಸುಮ್ನ ಇರಬೇಕಿತ್ತು ಅಂತ ಹೇಳಿದ್ರು. ಒಬ್ಬೊಬ್ರು ಹೇಳಿದ್ದು ಜೋಡಿಸಿಕೊಂಡು ಕುಂತ್ರ ಹಾಡು ಬರತೈತಿ. ಮಾತು ಒಂದು ಯಾರೂ ಹೇಳಲಿಲ್ಲ. ನಿನ್ನ ಕೇಳಿದೆ, ನೀ ಬೈದಿ.”

ದೇವರೇನು ಕಿವುಡನೇನು ಅಂತ ಕೇಳಿದವಳು ನಾನೇ. ಅದನ್ನು ಕಿವುಡನ ಎದುರಿಗೇ, ಅವನು ಬಾಯಿ ನೋಡುತ್ತಿರುವಾಗಲೇ ಕೇಳಿದ್ದೆ.

ತಾಳ ಮತ್ತೆ ಅವನ ಕೈಗೆ ಬರಲಿಲ್ಲ. ಹಿರಿಯರು ವಿಷಯ ತಿಳಿದು ಕಣ್ಣೀರು ಹಾಕಿದರು, ಗಡ್ಡವನ್ನೂ ತೆಗೆದರು, ಆದರೆ ಕೊಡಲಿಲ್ಲ. ಕೊಡಬೇಕಿತ್ತು ಅಂತ ನಾನೂ ಹೇಳುವುದಿಲ್ಲ, ತಪ್ಪಿದ ತಾಳ ತಪ್ಪೇ. ಈಗ ಅವನನ್ನು ಡೋಲಕ್ಕಿನ ಪಕ್ಕ ಕೂರಿಸುತ್ತಾರೆ, ಅದರ ಕಟ್ಟಿಗೆಗೆ ಕೈ ಹಚ್ಚಿಕೊಂಡು ಕೂತಿರುತ್ತಾನೆ. ಅದೆಲ್ಲ ಆಮೇಲಿನದು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿದು, ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಹಿಂದಿನ ತಿಂಗಳ ಹಾಳೆ ಹರಿದುಕೊಂಡೆ. ಸೊಸೆಯ ಹತ್ತಿರ ಪೆನ್ಸಿಲ್ ಇಸಿದುಕೊಂಡೆ. ಡಬ್ಬಿಯ ಗುಂಡಿ ಒತ್ತಿದೆ, ಒಂದು ಸಾಲು ಕೇಳಿದೆ, ನಿಲ್ಲಿಸಿದೆ, ಬರೆದೆ. ಮತ್ತೆ ಒತ್ತಿದೆ. ತಮ್ಮ ಎದುರಿಗೆ ಕೂತು ಒಂದೊಂದೇ ಅಕ್ಷರ ಓದುತ್ತಿದ್ದ. ಹದಿನಾರು ಸಲ ಓಂ ಅಂದರು, ಹದಿನಾರು ಸಲ ಬರೆದೆ. ನಡುವೆ ಹಾಡಿನೊಳಗಿನ ಹುಡುಗಿ ಸುಮ್ಮಸುಮ್ಮನೆ ಹೇ ಹೇ ಹೇ ಅಂದಳು. ನನ್ನನ್ನು ಕೇಳಿದ್ದರೆ ಅದು ಬೇಡ ಅನ್ನುತ್ತಿದ್ದೆ. ಅದನ್ನೂ ಬರೆದೆ.